ಈರುಳ್ಳಿ ರಾಶಿ ಹಿಂದಿನ ಬಾಗಿಲು

"ಇಲ್ಲ ಯಜಮಾನ್ರೇ, ನಾನು ಸುಮ್ನಿರಲ್ಲ!" ಅಂತ ಇಲಿಯಮ್ಮ ಬಿಲದ ಯಜಮಾನ ಹೆಗ್ಗಣನ ಮೇಲೆ ರೇಗಿದ್ಲು. "ಈ ಮಳೆಗೆ ಮೋರಿ ಉಕ್ಕಿ ಬಿಲಕ್ಕೆ ನೀರು ನುಗ್ಗಿದ್ರೆ ಆರು ಮರಿ ಕಟ್ಕೊಂಡು ಎಲ್ಲಿಂದ ಓಡ್ಲಿ? ಅದನ್ನ ಕಲಿಸಿ."

"ತರಬೇತಿ ಹೋದ ವಾರಾನೇ ಆಯ್ತಲ್ಲಮ್ಮ. ದೀಪ ಹಚ್ಚಿದ್ವಿ, ಶಾಲು ಹೊದಿಸಿದ್ವಿ, ಫೋಟೋ ತೆಗೆಸ್ಕೊಂಡ್ವಿ."

"ದಾರಿ ತೋರಿಸಿದ್ರಾ?"

"ಅಷ್ಟೊತ್ತಿಗೆ ಊಟ ಬಂತು."

"ನಿಮ್ಮ ಊಟಕ್ಕಿಷ್ಟು ಬೆಂಕಿ ಹಾಕ! ಮೇಲಿನ ಬಾಗಿಲು ಎಲ್ಲಿ, ಈಗ್ಲೇ ತೋರಿಸಿ."

"ನನ್ನ ಈರುಳ್ಳಿ ರಾಶಿ ಹಿಂದೆ. ಮುಟ್ಬೇಡ, ಜೋಡಿಸೋಕೆ ಮೂರು ದಿನ ಹಿಡಿದಿದೆ."

"ನನ್ನ ಮಕ್ಕಳು ಮುಳುಗೋಕೆ ಮೂರು ನಿಮಿಷ ಸಾಕು!"

ಇಲಿಯಮ್ಮ ರಾಶೀನ ಒದ್ದು ಬೀಳಿಸಿ, ಬಾಗಿಲು ತೆಗೆದು, ಮರಿಗಳನ್ನ ಒಂದೊಂದಾಗಿ ಕಚ್ಕೊಂಡು ಹೊರಗೆ ಸಾಗಿಸಿದ್ಲು.

ಉರುಳಿದ ಈರುಳ್ಳಿ ಆರಿಸ್ತಾ ಹೆಗ್ಗಣ ಕೂಗಿದ, "ಬಾಗಿಲು ಹಾಕ್ಕೊಂಡು ಹೋಗಮ್ಮ, ಥಂಡಿ ಬರುತ್ತೆ!"

ಅವಳು ಹೊರಗಿನಿಂದ ಹಸಿಮಣ್ಣು ಮೆತ್ತಿ ಬಾಗಿಲು ಹಾಕ್ಬಿಟ್ಲು.