ಬಾಗಿಲು ದಾಟುವಷ್ಟು ಮಾತು

“ಬುದ್ಧೀ, ನಮ್ಮ ಬಾಗಿಲು ತೆರೆದೇ ಇದೆ. ಆದರೂ ಯಾರೂ ಯಾಕೆ ಬರುವುದಿಲ್ಲ?”

ಕೇಳಿದವನು ತೋಂಟೇಶ, ಮಠದ ಕಚೇರಿ ನೋಡಿಕೊಳ್ಳುವ ಶಿಷ್ಯ. ಕೇಳಿದ್ದು ಗುರುಗಳನ್ನು. ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಗುರುಗಳು ಬೇವಿನ ಮರದ ಕಟ್ಟೆಗೆ ಒರಗಿ ಕಣ್ಣನ್ನು ಅರ್ಧ ಮುಚ್ಚಿದ್ದರು. ನಿದ್ದೆಯೋ ಧ್ಯಾನವೋ ಹೇಳುವುದು ಕಷ್ಟ. ಬೇರೆ ದಿನವಾಗಿದ್ದರೆ ತೋಂಟೇಶ ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸುತ್ತಿರಲಿಲ್ಲ. ಇವತ್ತು ತಡೆಯಲಾಗಲಿಲ್ಲ.

ದೊಡ್ಡಾಸ್ಪತ್ರೆಯಿಂದ ಮೂರು ಬೀದಿ ಆಚೆ ಮಠದವರು ಒಂದು ವಸತಿ ಮನೆ ಕಟ್ಟಿಸಿದ್ದರು. ರೋಗಿಗಳ ಜೊತೆ ಬಂದವರು ಅಲ್ಲಿ ಪುಕ್ಕಟೆಯಾಗಿ ಉಳಿಯಬಹುದು, ಎರಡು ಹೊತ್ತು ಉಣ್ಣಬಹುದು. ಇಪ್ಪತ್ತೆರಡು ಕೋಣೆಗಳಲ್ಲಿ ಇಪ್ಪತ್ತರ ಚಾಪೆ ಸುತ್ತಿದ್ದು ಸುತ್ತಿದ ಹಾಗೆಯೇ ಇತ್ತು. ದೂರದಿಂದ ಬರುವವರಿಗೆ ತಿಳಿಯಲಿ ಎಂದು ತೋಂಟೇಶ ಇಂಟರ್‌ನೆಟ್ಟಿನಲ್ಲಿ ಪುಟಗಳನ್ನು ಮಾಡಿ ಹಾಕಿದ್ದ. ಕೋಣೆಗಳಿಗೆಲ್ಲ ಸೇರಿ ಒಂದು ಪುಟ, ಊಟಕ್ಕೊಂದು, ರಕ್ತ ಬೇಕಾದವರಿಗೊಂದು. ದಾರಿ, ಫೋನ್ ನಂಬರು ಎಲ್ಲ ಒಳಗೆ ಇತ್ತು. ಒಳಗೆ ಬಂದು ನೋಡುವವರೇ ಇರಲಿಲ್ಲ.

ಅವತ್ತು ಬೆಳಿಗ್ಗೆ ಅವನು ಆಸ್ಪತ್ರೆಯ ಕಡೆ ಹೋಗಿದ್ದ. ಕಾಂಪೌಂಡ್ ಗೋಡೆಯ ಪಕ್ಕ ಒಬ್ಬ ತಾಯಿ ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದಳು. ಗಂಡ ಒಳಗಿದ್ದ. ಎಷ್ಟು ದಿನವಾಯಿತಮ್ಮ ಎಂದು ಕೇಳಿದ. ಒಂಬತ್ತು ದಿನ ಎಂದಳು. ಮಠದ ಕೋಣೆಗಳ ಸುದ್ದಿ ಹೇಳಿದಾಗ ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. ಬಂದ ದಿನವೇ ಮೊಬೈಲಿನಲ್ಲಿ ‘ಆಸ್ಪತ್ರೆ ಹತ್ತಿರ ಉಳಿಯಲು ಜಾಗ’ ಎಂದು ಹುಡುಕಿದ್ದಳಂತೆ. ಲಾಡ್ಜುಗಳ ಹೆಸರೇ ಬಂದವಂತೆ. ತೋಂಟೇಶ ಅವಳನ್ನು ಕರೆತಂದು ಕೋಣೆ ಕೊಟ್ಟ. ಆದರೆ ಆ ಒಂಬತ್ತು ದಿನ ಅವನ ಎದೆಯಿಂದ ಇಳಿಯಲೇ ಇಲ್ಲ.

ಗುರುಗಳು ಕಣ್ಣು ತೆರೆಯದೆ, ಹುಡುಕಿದವರಿಗೆ ಮೊದಲು ಕಾಣುವ ಸಾಲು ಯಾವುದು, ಓದು ಎಂದರು.

ತೋಂಟೇಶ ನೆಟ್ಟಗೆ ನಿಂತು, ಪಾಠ ಒಪ್ಪಿಸುವವನಂತೆ ಓದಿದ. “ಪರಮಪೂಜ್ಯ ಶ್ರೀಮನ್ನಿರಂಜನ ಪ್ರಣವಸ್ವರೂಪಿ ಬೆಳ್ಳಿಗುಡ್ಡದ ಮೌನಲಿಂಗ ಮಹಾಸ್ವಾಮಿಗಳವರ ದಿವ್ಯ ಕೃಪಾಶೀರ್ವಾದದೊಂದಿಗೆ ನಡೆಯುತ್ತಿರುವ ಶ್ರೀಮಠದ ಅಧಿಕೃತ ಜಾಲತಾಣಕ್ಕೆ…” ಅಲ್ಲಿಗೆ ಉಸಿರು ಕಟ್ಟಿತು. ಸುಸ್ವಾಗತವನ್ನು ಇನ್ನೊಂದು ಉಸಿರಿನಲ್ಲಿ ಹೇಳಿದ. ಎಲ್ಲ ಪುಟಗಳಿಗೂ ಅದೇ ಸಾಲು. ಅದನ್ನು ಅವನು ಸ್ನಾನ ಮಾಡಿ, ವಿಭೂತಿ ಧರಿಸಿ ಬರೆದಿದ್ದ. ಫೋನಿನಲ್ಲಿ ಹುಡುಕುವವರಿಗೆ ಮಾತ್ರ ಅದು ಪೂರ್ತಿ ಕಾಣುತ್ತಿರಲಿಲ್ಲ. ಎರಡು ಮೂರು ಪದ ಕಂಡು, ಮುಂದೆ ಬರೀ ಚುಕ್ಕಿ.

ಮೊದಲು ಉಸಿರು ತೆಗೆದುಕೋ ಎಂದರು ಗುರುಗಳು. ಆಮೇಲೆ ಕತೆ ಶುರುಮಾಡಿದರು. ದನಿ ಎಲ್ಲೋ ದೂರದಿಂದ ಬಂದಂತಿತ್ತು. ತೋಂಟೇಶ ಕಟ್ಟೆಯ ಕೆಳಗೆ ಕೂತ. ಬೇವಿನ ಹೂವು ಒಂದೊಂದೇ ಉದುರುತ್ತಿತ್ತು.

ಒಂದೂರಲ್ಲಿ ಒಂದು ಬೀದಿ. ಅಲ್ಲಿ ಮನೆಗಳ ಮುಂಬಾಗಿಲು ಕಿರಿದು, ಮನೆ ಉದ್ದ. ಅಡುಗೆಮನೆ ಕಟ್ಟಕಡೆಗೆ. ಬೀದಿಯಲ್ಲಿ ಯಾರಾದರೂ ಕೂಗಿದರೆ, ಬಾಗಿಲ ನೇರಕ್ಕೆ ಇದ್ದಾಗ ಮಾತ್ರ ಒಳಗೆ ಕೇಳಿಸುವುದು. ನಾಲ್ಕು ಹೆಜ್ಜೆ ಮುಂದೆ ಹೋದರೆ ಗೋಡೆಯೇ ಆ ಮಾತನ್ನು ನುಂಗಿಬಿಡುವುದು. ಹಾಗಾಗಿ ಆ ಬೀದಿಗೆ ಬರುವ ಮಾರುವವರೆಲ್ಲ ಬಾಗಿಲು ದಾಟುವುದರೊಳಗೆ ಮಾತು ಮುಗಿಸುತ್ತಿದ್ದರು. ಸೊಪ್ಪಿನವಳು ಸೊಪ್ಪು ಅನ್ನುವಳು, ಉಪ್ಪಿನವನು ಉಪ್ಪು ಅನ್ನುವನು. ಬೇಕಾದವರು ಎದ್ದು ಬರುವರು, ಬೇಡವಾದವರು ಮಲಗುವರು.

ಆ ಊರಿಗೆ ಒಬ್ಬ ಕಲಾಯಿಯವನು ಬಂದ. ಹಿತ್ತಾಳೆ ಪಾತ್ರೆಯ ಒಳಮೈಗೆ ತವರ ಬಳಿಯುವುದು ಅವನ ಕಸುಬು. ಕೈ ಚಿನ್ನದಂಥದು. ಅವನ ಅಪ್ಪನಿಗೆ ಒಬ್ಬ ರಾಜ ಬಿರುದು ಕೊಟ್ಟಿದ್ದ. ಅಪ್ಪ ತೀರಿಕೊಂಡಿದ್ದ, ರಾಜ್ಯವೂ ಹೋಗಿತ್ತು, ಬಿರುದು ಮಾತ್ರ ಮಗನ ನಾಲಿಗೆಯ ಮೇಲೆ ಉಳಿದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಗಬಹುದು. ಆದರೆ ಅವನಿಗೆ ಅದು ಜಂಬವಾಗಿರಲಿಲ್ಲ. ಬಿರುದನ್ನು ಬಿಟ್ಟು ಕೂಗಿದರೆ ಅಪ್ಪನನ್ನೇ ಬಿಟ್ಟಂತಾಗುತ್ತದೆ ಎಂದು ಅವನು ನಂಬಿದ್ದ.

ಮಧ್ಯಾಹ್ನ ಅಡುಗೆ ಮುಗಿದು ಪಾತ್ರೆಗಳು ಖಾಲಿಯಾಗುವ ಹೊತ್ತಿಗೆ ಅವನು ಬೀದಿಗೆ ಇಳಿಯುತ್ತಿದ್ದ. ಪ್ರತಿ ಬಾಗಿಲ ನೇರಕ್ಕೂ ಹೊಸದಾಗಿ ಶುರುಮಾಡುತ್ತಿದ್ದ. ‘ಅರಮನೆಯಲ್ಲಿ ಬಿರುದು ಪಡೆದ, ಏಳೂರಿಗೆ ಹೆಸರಾದ, ಮೂರು ತಲೆಮಾರಿನ ಕಸುಬುದಾರರ ಮನೆತನದಿಂದ ಬಂದಿದ್ದೇನೆ, ಕಲಾಯಿ!’ ಕಲಾಯಿ ಅನ್ನುವಷ್ಟರಲ್ಲಿ ಬಾಗಿಲು ದಾಟಿ ಗೋಡೆಯ ಮುಂದೆ ಇರುತ್ತಿದ್ದ. ಗೋಡೆಗೆ ಯಾವ ಪಾತ್ರೆ?

ಆ ಬೀದಿಯ ನಡುಮನೆಯಲ್ಲಿ ಒಬ್ಬ ಹೆಂಗಸು ಇದ್ದಳು. ಅವಳ ಮನೆಯಲ್ಲಿ ಇದ್ದದ್ದು ಒಂದೇ ದೊಡ್ಡ ಪಾತ್ರೆ, ಹಿತ್ತಾಳೆಯ ತಪ್ಪಲೆ. ಅದರ ಕಲಾಯಿ ಸವೆದು ತಳದಲ್ಲಿ ಹಸಿರು ಕಿಲುಬು ಕಾಣುತ್ತಿತ್ತು. ಕಿಲುಬಿನ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ ವಿಷ ಎಂದು ಅವಳಿಗೆ ಗೊತ್ತು. ಆದರೆ ಅತ್ತೆಗೆ ವಯಸ್ಸಾಗಿತ್ತು, ನಾಲಿಗೆಗೆ ಹುಣಸೆಹುಳಿ ಸಾರು ಬೇಕಿತ್ತು. ಸೊಸೆ ದಿನಾ ತಪ್ಪಲೆಯನ್ನು ತಿಕ್ಕಿ ತಿಕ್ಕಿ, ಕಲಾಯಿಯವನು ಇವತ್ತು ಬಂದಾನು, ನಾಳೆ ಬಂದಾನು ಎಂದು ಕಾಯುತ್ತಿದ್ದಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುತ್ತಾರಲ್ಲ, ಹಾಗಾಗಿತ್ತು ಅವಳ ಪಾಡು.

ಮಧ್ಯಾಹ್ನ ಅವಳಿಗೆ ಒಂದಿಷ್ಟು ಜೊಂಪು. ಜೊಂಪಿನಲ್ಲಿ ಒಂದು ದನಿ ಬರುತ್ತಿತ್ತು. ‘ಅರಮನೆಯಲ್ಲಿ ಬಿರುದು…’ ಅಷ್ಟೇ. ಆಮೇಲೆ ಕನಸು ಶುರುವಾಗುವುದು. ಬೀದಿಯಲ್ಲಿ ಆನೆ ಬರುವುದು. ಆನೆಯ ಹಿಂದೆ ಕೊಡೆ, ಕೊಡೆಯ ಕೆಳಗೆ ಮುಖ ಕಾಣದ ರಾಜ. ಆನೆ ಅವಳ ಬಾಗಿಲ ಮುಂದೆ ನಿಂತು ಸೊಂಡಿಲನ್ನು ಒಳಗೆ ಚಾಚುವುದು. ಅವಳು ನಾಚಿ ತಪ್ಪಲೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವಳು. ಎಚ್ಚರವಾಗುವಾಗ ಬೀದಿ ಖಾಲಿ. ಹೀಗೇ ಎಷ್ಟೋ ದಿನ. ಒಂದು ದಿನ ಅತ್ತೆ ಸಾರು ಉಂಡು ವಾಂತಿ ಮಾಡಿಕೊಂಡಳು. ಮರುದಿನ ಹಾಸಿಗೆ ಹಿಡಿದಳು.

ಇತ್ತ ಕಲಾಯಿಯವನಿಗೆ ಒಂದು ಪಾತ್ರೆಯೂ ಬರಲಿಲ್ಲ. ಅದೇ ಬೀದಿಯಲ್ಲಿ ಬೆಣ್ಣೆ ಮಾರುವವನಿಗೆ ಮಾತ್ರ ಎಲ್ಲ ಬಾಗಿಲೂ ತೆರೆಯುವುದನ್ನು ಕಂಡ. ಹಸಿದವನ ಬುದ್ಧಿ ಎಲ್ಲೆಲ್ಲಿಗೋ ಹೋಗುತ್ತದೆ. ಅವನೂ ‘ಬೆಣ್ಣೆ’ ಎಂದು ಕೂಗಿದ. ಬಟ್ಟಲು ಹಿಡಿದು ಜನ ಓಡಿ ಬಂದರು. ಮಸಿ ಮೆತ್ತಿದ ಕೈ, ಹೆಗಲಿನ ಮೇಲೆ ಇದ್ದಿಲ ಚೀಲ ಕಂಡರು. ಬೈದು ಬಾಗಿಲು ಹಾಕಿಕೊಂಡರು. ಕಲಾಯಿ ಬೇಕಾದವರೂ ಇವನ ಮುಖಕ್ಕೆ ಬೇಡವೆಂದರು. ನಡುಮನೆಯ ಹೆಂಗಸು ಎದ್ದೇ ಬರಲಿಲ್ಲ. ಬೆಣ್ಣೆ ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಜೊಂಪಿನಲ್ಲಿ ತವರುಮನೆಯ ಮಜ್ಜಿಗೆ ಕಡೆಯುವ ಸದ್ದು ಕೇಳಿ ಅವಳು ಮಗ್ಗುಲಾದಳು.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿ ಮೈಮೇಲೆ ಉದುರಿದ ಹೂವನ್ನು ಕೊಡವಿದರು. ತೋಂಟೇಶನ ಕಣ್ಣೂ ತೂಗುತ್ತಿತ್ತು. ಆ ಬೀದಿ ಅವನಿಗೆ ಕಂಡಿತು. ಒಂದು ಕೊನೆಯಲ್ಲಿ ಆನೆ, ಇನ್ನೊಂದು ಕೊನೆಯಲ್ಲಿ ಯಾಕೋ ಆಸ್ಪತ್ರೆಯ ಗೋಡೆ. ಗಂಟಿನ ಮೇಲೆ ತಲೆಯಿಟ್ಟ ತಾಯಿ ಅಲ್ಲೇ ಮಲಗಿದ್ದಳು. ಆ ಮನೆಯ ಅತ್ತೆ ಉಳಿದಳೇ ಎಂದು ಕೇಳಲು ಅವನಿಗೆ ಹೆದರಿಕೆಯಾಯಿತು.

ಗುರುಗಳು ಕತೆ ಮುಂದುವರಿಸಿದರು. ಕಲಾಯಿಯವನು ಊರು ಬಿಡುವುದೆಂದು ಗಂಟು ಕಟ್ಟಿ ಬಾವಿಕಟ್ಟೆಯ ಹತ್ತಿರ ನೀರು ಕುಡಿಯಲು ನಿಂತ. ಅಲ್ಲಿ ನಡುಮನೆಯ ಹೆಂಗಸು ನೆರೆಯವಳ ಮುಂದೆ ಗೋಳು ಹೇಳಿಕೊಳ್ಳುತ್ತಿದ್ದಳು. ತಪ್ಪಲೆಗೆ ಕಿಲುಬು ಹಿಡಿದಿದೆ, ಅತ್ತೆ ಹಾಸಿಗೆ ಹಿಡಿದಿದ್ದಾರೆ, ಈ ವರ್ಷ ಕಲಾಯಿಯವನು ಇತ್ತ ಮುಖವನ್ನೇ ಹಾಕಲಿಲ್ಲ ಎಂದು.

ಅವನ ಕೈಯಿಂದ ನೀರು ಚೆಲ್ಲಿತು. “ತಾಯೀ, ಇಪ್ಪತ್ತು ದಿನದಿಂದ ನಿಮ್ಮ ಬಾಗಿಲ ಮುಂದೆಯೇ ಹೋಗುತ್ತಿದ್ದೇನೆ. ಕಲಾಯಿಯವನು ನಾನೇ.”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಮ್ಮ ಬಾಗಿಲ ಮುಂದೆ ಅರಮನೆಯವರು ಯಾರೋ ಹೋಗುತ್ತಿದ್ದರಪ್ಪ. ನೀನು ಬಂದದ್ದು ನನಗೆ ಕೇಳಲೇ ಇಲ್ಲ.”

ಅವನು ಅವಳ ಹಿಂದೆ ನಡೆದ. ಬಾಗಿಲ ಮುಂದೆ ಗುಂಡಿ ತೋಡಿ ಇದ್ದಿಲು ಹಾಕಿ ತಿದಿ ಒತ್ತಿ ಬೆಂಕಿ ಊದಿದ. ತಪ್ಪಲೆ ಕಾದಾಗ ನವಸಾಗರದ ಪುಡಿ ಉದುರಿಸಿ ತವರ ಮುಟ್ಟಿಸಿ ಅರಳೆಯಿಂದ ಸವರಿದ. ಹಸಿರೆಲ್ಲ ಹೋಗಿ ಒಳಮೈ ಹಾಲಿನಂತೆ ಬೆಳ್ಳಗಾಯಿತು. ಇಪ್ಪತ್ತು ದಿನ ಹೆಗಲಲ್ಲಿ ತವರ ಹೊತ್ತು ಇದೇ ಬಾಗಿಲು ದಾಟಿದೆನಲ್ಲ ಎಂದು ನೆನೆದು ಅವನಿಗೆ ಅಳು ಬಂತು. ಹೊಗೆಗೆ ಕಣ್ಣುರಿ ಎಂದು ಒರೆಸಿಕೊಂಡ.

ಅವತ್ತು ಆ ತಪ್ಪಲೆಯಲ್ಲಿ ಗಂಜಿ ಬೆಂದಿತು. ಮೂರು ದಿನ ಗಂಜಿ ಕುಡಿದು ಅತ್ತೆ ಎದ್ದು ಕೂತಳು. ಎದ್ದವಳು ಮೊದಲು ತಪ್ಪಲೆಯನ್ನು ತರಿಸಿ ನೋಡಿದಳು. ಬೆರಳಿನಿಂದ ಒಳಗೆಲ್ಲ ಸವರಿದಳು. ಕಲಾಯಿಯವನನ್ನು ಕರೆಸಿ, “ಇಂಥ ಕೈ ನಾನು ಚಿಕ್ಕವಳಿದ್ದಾಗ ಒಂದು ಸಲ ನೋಡಿದ್ದೆ. ನಿನ್ನ ಅಪ್ಪ ಯಾರಪ್ಪ?” ಎಂದು ಕೇಳಿದಳು.

ಇಪ್ಪತ್ತು ದಿನ ಗಂಟಲು ಹರಿಯುವಂತೆ ಕೂಗಿದಾಗ ಒಬ್ಬರೂ ಕೇಳದಿದ್ದ ಹೆಸರನ್ನು ಮುದುಕಿ ತಾನಾಗಿ ಕೇಳಿದಳು. ಅವನು ಮೆಲ್ಲಗೆ ಹೇಳಿದ. ಅವಳು ಕೈಮುಗಿದಳು.

ಮರುದಿನ ಅವನು ‘ಕಿಲುಬು ಪಾತ್ರೆಗೆ ಕಲಾಯಿ’ ಎಂದಷ್ಟೇ ಕೂಗಿದ. ಬಾವಿಕಟ್ಟೆಯಲ್ಲಿ ಅವಳು ಆಡಿದ್ದ ಮಾತೇ ಅದು. ಬಾಗಿಲು ದಾಟುವುದರೊಳಗೆ ಅದು ಮುಗಿಯುತ್ತಿತ್ತು. ಅಡುಗೆ ಭಟ್ಟರ ಬೀದಿಯಲ್ಲಿ ‘ದೊಡ್ಡ ಹಂಡೆಗೆ ಕಲಾಯಿ’ ಎಂದ. ಅಲ್ಲಿಯ ಗೋಳು ಬೇರೆ, ಕೂಗೂ ಬೇರೆ. ಅಪ್ಪನ ಬಿರುದನ್ನು ಅವನು ಬಿಡಲಿಲ್ಲ. ಗೋಡೆಯ ಮುಂದೆ ನಡೆಯುವಾಗ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಆಮೇಲೆ ಆ ಹೆಂಗಸಿನ ಕನಸಿಗೆ ಆನೆ ಬರಲಿಲ್ಲವಂತೆ.

ಕತೆ ಮುಗಿಯಿತು. ತೋಂಟೇಶ ನಿದ್ದೆಯಿಂದೆದ್ದವನಂತೆ ಕಣ್ಣುಜ್ಜಿಕೊಂಡ. ಓಡಿಹೋಗಿ ಕಚೇರಿಯಲ್ಲಿ ಕೂತ. ಬಿಸಿಲು ಕಟ್ಟೆಯ ಈ ಬದಿಯಿಂದ ಆ ಬದಿಗೆ ಹೋಗುವಷ್ಟರಲ್ಲಿ ಎಲ್ಲ ಸಾಲುಗಳನ್ನೂ ತಿದ್ದಿದ. ಬೆಳಿಗ್ಗೆ ಆ ತಾಯಿ ಹೇಳಿದ್ದ ಮಾತನ್ನೇ ಇಟ್ಟು ‘ಆಸ್ಪತ್ರೆ ಹತ್ತಿರ ಉಳಿಯಲು ಉಚಿತ ಜಾಗ’ ಎಂದು ಬರೆದ. ಊಟದ ಪುಟಕ್ಕೆ ಊಟದ ಮಾತು, ರಕ್ತದ ಪುಟಕ್ಕೆ ರಕ್ತದ ಮಾತು. ಸುಸ್ವಾಗತ ಹೋಯಿತು. ಅಧಿಕೃತ ಹೋಯಿತು. ಕೃಪಾಶೀರ್ವಾದವನ್ನೂ ನೋವಿನಿಂದ ತೆಗೆದ. ಆದರೆ ಒಂದನ್ನು ತೆಗೆಯಲು ಅವನ ಬೆರಳು ಏಳಲಿಲ್ಲ. ಪ್ರತಿ ಸಾಲಿನ ಮೊದಲಿಗೆ ಗುರುಗಳ ಹೆಸರನ್ನು ಪೂರ್ತಿಯಾಗಿ ಉಳಿಸಿಕೊಂಡ. ಅನ್ನ ಹಾಕಿ ಸಾಕಿದವರ ಹೆಸರನ್ನು ಯಾವ ಕೈಯಿಂದ ಅಳಿಸುವುದು?

ಫೋನನ್ನು ತಂದು ಎರಡೂ ಕೈಯಲ್ಲಿ ಹಿಡಿದು ತೋರಿಸಿದ. ಗುರುಗಳು ಕನ್ನಡಕ ಹಾಕಿಕೊಂಡು ನೋಡಿದರು. ಅಲ್ಲಿ ಅವರ ಹೆಸರು ಇತ್ತು. ಹೆಸರು ಮುಗಿಯುವ ಮೊದಲೇ ಸಾಲು ಚುಕ್ಕಿಯಾಗಿತ್ತು. ಆ ತಾಯಿಯ ಮಾತು ಚುಕ್ಕಿಗಳ ಆಚೆಗೆ ಉಳಿದಿತ್ತು.

ಗುರುಗಳು ಕನ್ನಡಕ ತೆಗೆದು, ಮೊದಲಿನ ಹಾಗೆ ಕಣ್ಣನ್ನು ಅರ್ಧ ಮುಚ್ಚಿ ಹೇಳಿದರು.

“ತೋಂಟೇಶ, ಬಾಗಿಲಿಗೆ ಅಡ್ಡ ನಿಂತಿರುವುದು ನಾನೇ, ನನ್ನನ್ನು ಪಕ್ಕಕ್ಕೆ ಸರಿಸು, ಆ ತಾಯಿಯಂಥವರು ಒಳಗೆ ಬರಲಿ.”