ಘಟ್ಟದ ತಿರುವಿನಲ್ಲಿ ಮೂವತ್ತು ನಿಮಿಷ

ಒಬ್ಬ ಧಣಿ, ಅವರಿಗೊಬ್ಬ ಡ್ರೈವರ್. ಕಾರು ಧಣಿಯದು, ಓಡಿಸುವವನಷ್ಟೇ ಅವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ದಾರಿಯಲ್ಲಿ ಕೆಟ್ಟ ಕಾರನ್ನು ಬಂದು ರಿಪೇರಿ ಮಾಡುವ ಯೋಜನೆ ಮಾರಲು ಒಬ್ಬ ಏಜೆಂಟ್ ಬಂದ. "ಎಲ್ಲೇ ನಿಲ್ಲಲಿ, ಫೋನ್ ಮಾಡಿ. ಮೂವತ್ತೇ ನಿಮಿಷ!"

ಧಣಿ ಡ್ರೈವರ್ ಮೇಲೆ ಗುಡುಗಿದರು: "ಬೇಕೋ ಬೇಡವೋ ಇವತ್ತೇ ನೀನು ಹೇಳಬೇಕು. ತಪ್ಪಾಯಿತೋ, ನಿನ್ನ ಕೆಲಸ ಹೋಯಿತು."

"ನೋಡಿಯೇ ಹೇಳ್ತೀನಿ ಧಣಿ," ಎಂದ ಡ್ರೈವರ್, ಇಬ್ಬರನ್ನೂ ಕೂರಿಸಿಕೊಂಡು, ದಿನವೂ ಓಡಾಡುವ ಘಟ್ಟ ಹತ್ತಿದ. ನಡುತಿರುವಿನಲ್ಲಿ ಕಾರು ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡ. "ಸಾರ್, ಕಾರು ಕೆಟ್ಟಿದೆ ಅಂದ್ಕೊಳ್ಳಿ. ಕರೆಸಿ."

ಏಜೆಂಟ್ ಫೋನ್ ತೆಗೆದ. ನೆಟ್‌ವರ್ಕ್ ಇರಲಿಲ್ಲ. ಫೋನನ್ನು ಮೇಲೆತ್ತಿ ಹಿಡಿದ.

ಅಷ್ಟರಲ್ಲಿ ಕೆಳಗಿಳಿಯುವ ಬಸ್ಸೊಂದು ತಾನಾಗಿಯೇ ನಿಂತಿತು. ಕಂಡಕ್ಟರ್ ಕತ್ತು ಹೊರಹಾಕಿದ. "ಏನಣ್ಣಾ, ಕೆಟ್ಟೋಯ್ತಾ? ಮೆಕ್ಯಾನಿಕ್ ಬಾಷಾಗೆ ಹೇಳ್ಲಾ? ಮೇಲೆ ಬರೋ ಬಸ್ಸಿಗೆ ಹತ್ತಿಸಿ ಕಳಿಸ್ತೀನಿ."

ಘಟ್ಟದಲ್ಲಿ ಎಲ್ಲ ಗಾಡಿಗಳಿಗೂ ಇದೇ ವ್ಯವಸ್ಥೆ. ಡ್ರೈವರ್‌ಗೆ ಗೊತ್ತಿತ್ತು, ಧಣಿಗೆ ಗೊತ್ತಿರಲಿಲ್ಲ.

ಏಜೆಂಟ್ ಗಾಬರಿಯಲ್ಲಿ ಕೈಮುಗಿದ. "ಕಂಡಕ್ಟರೇ, ಕೆಳಗೆ ಹೋದಮೇಲೆ ನಮ್ಮ ಕಂಪನಿಗೂ ಒಂದು ಫೋನ್ ಮಾಡಿಬಿಡಿ!"

ಧಣಿ ಡ್ರೈವರ್ ಕಡೆ ತಿರುಗಿದರು. "ಗಾಡಿ ತಿರುಗಿಸಪ್ಪಾ. ನಾಳೆ ಎಂಟಕ್ಕೇ ಕೆಲಸಕ್ಕೆ ಬಂದುಬಿಡು."