ಬುಡದ ಮರದ ಕೋಲು

ಪಡುವಣ ಕಡಲಿನಲ್ಲಿ ಐರ್ಲೆಂಡ್ ಎಂಬ ಹಸಿರು ದ್ವೀಪವಿದೆ. ಅಲ್ಲಿ ಒಂದೇ ಮನೆಯಲ್ಲಿ ಬೆಳೆದ ಎರಡು ಆಟಗಳಿವೆ.

ಒಂದು ಅವರದೇ ಬಗೆಯ ಫುಟ್‌ಬಾಲ್. ದೊಡ್ಡ ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು.

ಇನ್ನೊಂದು ಹರ್ಲಿಂಗ್. ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕ ತೊಗಲಿನ ಚೆಂಡು, ತುದಿಯಲ್ಲಿ ಬಾಗಿ ಅಗಲವಾದ ಮರದ ಕೋಲು. ಓಡುತ್ತಲೇ ನೆಲದ ಚೆಂಡನ್ನು ಕೋಲಿನಿಂದ ಎತ್ತಬೇಕು, ಎತ್ತಿದ್ದನ್ನು ಗಾಳಿಯಲ್ಲೇ ಹೊಡೆಯಬೇಕು. ಅಷ್ಟರಲ್ಲಿ ಎದುರಾಳಿಯ ಕೋಲು ಬೆರಳ ಗೆಣ್ಣಿಗೆ ಬಿದ್ದಿರುತ್ತದೆ. ನೋಡುವವರಿಗೆ ಅದರಷ್ಟು ಚಂದದ ಆಟ ಇನ್ನೊಂದಿಲ್ಲ. ಕಲಿಯುವವರನ್ನು ಅದರಷ್ಟು ಸತಾಯಿಸುವ ಆಟವೂ ಇನ್ನೊಂದಿಲ್ಲ.

ಎರಡಕ್ಕೂ ಒಂದೇ ಸಂಘ, ಒಂದೇ ಮೈದಾನ, ಅವೇ ಗೋಲುಕಂಬ. ದಕ್ಷಿಣದ ಕೆಲವು ಸೀಮೆಗಳಲ್ಲಿ ಹರ್ಲಿಂಗ್‌ಗೇ ಪಟ್ಟ. ನಮ್ಮ ಕಥೆಯ ಊರು ಇರುವುದು ವಾಯವ್ಯ ಮೂಲೆಯಲ್ಲಿ. ಅಲ್ಲಿ ಫುಟ್‌ಬಾಲ್ ಉಂಡು ಬಿಟ್ಟದ್ದು ಹರ್ಲಿಂಗ್‌ಗೆ. ಕ್ರಿಕೆಟ್ಟಿನ ಮುಂದೆ ಮಿಕ್ಕ ಆಟಗಳ ಪಾಡು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಊರಿನ ಹೊಳೆದಂಡೆಯಲ್ಲಿ ಲೋರ್ಕನ್ ಎಂಬ ಗುರುಗಳಿದ್ದರು. ಹರ್ಲಿಂಗ್ ಕೋಲು ಕೆತ್ತುತ್ತಿದ್ದರು, ಕೇಳಿಕೊಂಡು ಬಂದವರಿಗೆ ಆಟ ಕಲಿಸುತ್ತಿದ್ದರು. ಕೈಯಲ್ಲಿ ಮರ ಹೆರೆಯುವ ಕೀಸುಳಿ ಇದ್ದಾಗ ಅವರನ್ನು ಮಾತಾಡಿಸಿ ಪ್ರಯೋಜನವಿರಲಿಲ್ಲ. ಅದು ಸಾಮಾನ್ಯವಾಗಿ ಕೈಯಲ್ಲೇ ಇರುತ್ತಿತ್ತು.

ಫಿಂಟನ್ ಅವರ ಶಿಷ್ಯ. ನಡೆಯಲು ಕಲಿತ ಹೊಸತರಲ್ಲೇ ಗುರುಗಳಿಂದ ಕೋಲು ಪಡೆದವನು. ಈಗ ಊರಿನ ಹರ್ಲಿಂಗ್ ತಂಡವನ್ನು ಅವನೇ ನಡೆಸುತ್ತಿದ್ದ.

ತಂಡ ಎನ್ನುವುದು ಮರ್ಯಾದೆಗೆ. ಹದಿನೈದು ಮಂದಿ ಬೇಕಾದಲ್ಲಿ ಹತ್ತು ಮಂದಿ ಉಳಿದಿದ್ದರು. ಸಂಘದ ಸಮಿತಿ ಈ ಸಲ ಖಡಾಖಂಡಿತ ಹೇಳಿಬಿಟ್ಟಿತ್ತು. ಬೇಸಿಗೆಯ ಕೊನೆಯ ಭಾನುವಾರ ಹೊಳೆಯ ಕೆಳಗಿನ ಊರಿನ ಜೊತೆ ಪಂದ್ಯ. ಅಂದು ಹದಿನೈದು ಮಂದಿ ಅಂಗಳಕ್ಕಿಳಿಯದಿದ್ದರೆ ಈ ಊರಿನಲ್ಲಿ ಹರ್ಲಿಂಗ್ ತಂಡ ಇನ್ನಿರುವುದಿಲ್ಲ.

ಫಿಂಟನ್ ಗುರುಗಳ ಬಳಿ ಬಂದು ಫುಟ್‌ಬಾಲನ್ನು ಬಾಯಿಗೆ ಬಂದಂತೆ ಬೈದ. ಅದು ಹುಡುಗರನ್ನು ನುಂಗಿತು, ಸಂಜೆಗಳನ್ನು ನುಂಗಿತು, ಇನ್ನು ಮೈದಾನವನ್ನೂ ಪೂರ್ತಿ ನುಂಗುತ್ತದೆ ಎಂದ.

ಅವನು ಬೈಯುತ್ತಿರುವಾಗಲೇ ದೊಡ್ಡ ಚೆಂಡೊಂದು ಮೈದಾನದ ಗೋಡೆ ಹಾರಿ ಹೊಳೆಗೆ ಬಿತ್ತು.

ಗುರುಗಳು ಕೀಸುಳಿ ಕೆಳಗಿಟ್ಟರು. ಪ್ಯಾಂಟನ್ನು ಮೊಣಕಾಲ ಮೇಲಕ್ಕೆ ಮಡಚಿ ನೀರಿಗಿಳಿದು ಚೆಂಡನ್ನು ಹಿಡಿದು ತಂದರು. ತಮ್ಮ ಅಂಗಿಯಲ್ಲೇ ಒರೆಸಿ, ಗೋಡೆಯಾಚೆ ಕಾಯುತ್ತಿದ್ದ ಡೆಕ್ಲನ್ ಕೈಗೆ ಕೊಟ್ಟರು. ಡೆಕ್ಲನ್ ಫುಟ್‌ಬಾಲ್ ತಂಡದ ನಾಯಕ. ಅವನ ಕಾಲುನೋವು ಹೇಗಿದೆ ಎಂದು ಸಾವಕಾಶವಾಗಿ ವಿಚಾರಿಸಿಕೊಂಡು ಹಿಂದಿರುಗಿದರು.

ಫಿಂಟನ್‌ಗೆ ಮೈಯೆಲ್ಲ ಉರಿಯಿತು. "ವೈರಿಗೆ ಉಪಚಾರ ಮಾಡ್ತಿದ್ದೀರಿ, ಗುರುಗಳೇ."

"ಈ ವರ್ಷ ಗೋಲುಕಂಬಕ್ಕೆ ಬಣ್ಣ ಬಳಿದವರು ಯಾರು?"

"ಅವರೇ."

"ನಿನ್ನ ಚೆಂಡು ಹೋಗೋದೂ ಅದೇ ಕಂಬದ ನಡುವೆ ತಾನೇ?" ಎಂದು ಗುರುಗಳು ಒದ್ದೆ ಕಾಲು ಒರೆಸಿಕೊಂಡರು.

ಫಿಂಟನ್‌ಗೆ ಇದರಿಂದ ಸಮಾಧಾನವಾಗಲಿಲ್ಲ. ಅವನಿಗೆ ಬೇಕಾಗಿದ್ದದ್ದು ಐದು ಜನ. ಗುರುಗಳು ಕೊಟ್ಟದ್ದು ಒಂದು ಪ್ರಶ್ನೆ.

ಅವನು ತನ್ನದೇ ಒಂದು ಉಪಾಯ ಹೂಡಿದ.

ಹರ್ಲಿಂಗ್ ಕೋಲು ಆಶ್ ಎಂಬ ಮರದಿಂದ ಆಗುತ್ತದೆ. ಇಡೀ ಮರವೂ ಬರುವುದಿಲ್ಲ. ಕಾಂಡವು ಬೇರಾಗಿ ತಿರುಗುವ ಬುಡ ಮಾತ್ರ ಬರುತ್ತದೆ, ಏಕೆಂದರೆ ಅಲ್ಲಿ ಮರದ ಎಳೆಯೇ ಬಾಗಿರುತ್ತದೆ. ಒಂದು ಮರದಿಂದ ಸಿಗುವುದು ಕೆಲವೇ ಕೋಲು. ಈಚೆಗೆ ಆ ಮರಗಳಿಗೂ ರೋಗ ಬಿದ್ದು ಇದ್ದದ್ದೂ ಕಡಿಮೆಯಾಗಿತ್ತು. ಮೇಲಿನ ನೇರ ಕಾಂಡವನ್ನು ಗುರುಗಳು ಹಲಗೆ ಕೊಯ್ದು ಒಣಗಿಸಿ ಬೆಂಚು ಮಾಡುತ್ತಿದ್ದರು. ಫುಟ್‌ಬಾಲಿನವರು ಬೂಟು ಕಟ್ಟಿಕೊಳ್ಳುತ್ತಿದ್ದದ್ದು ಆ ಬೆಂಚುಗಳ ಮೇಲೆ ಕೂತೇ.

ಕೈಗೆ ಕೋಲು ಸಿಕ್ಕರೆ ತಾನೇ ಹುಡುಗರು ಬರುವುದು ಎಂದು ಫಿಂಟನ್ ಲೆಕ್ಕ ಹಾಕಿದ. ಗುರುಗಳು ತಂಗಿಯ ಮನೆಗೆಂದು ಬೇರೆ ಊರಿಗೆ ಹೋದ ವಾರ, ಬೆಂಚಿಗೆಂದು ಇಟ್ಟಿದ್ದ ಹಲಗೆಗಳನ್ನೆಲ್ಲ ಕೋಲು ಮಾಡಿದ. ಎಳೆ ಬಾಗಿರದಿದ್ದರೇನು, ಗರಗಸದಿಂದ ಬಾಗು ಕೊಯ್ದರಾಯಿತು ಎಂದುಕೊಂಡ. ಕೋಲುಗಳು ನೋಡಲು ಗುರುಗಳ ಕೋಲಿಗಿಂತಲೂ ನುಣುಪಾಗಿ ಬಂದವು.

ಫುಟ್‌ಬಾಲ್ ಆಡುವ ಹುಡುಗರಿಗೆ ಅವನ್ನು ಹಂಚಿದ. ಹಂಚುವಾಗ, ಇದು ಫುಟ್‌ಬಾಲಿಗಿಂತ ಸುಲಭ, ನಾಲ್ಕು ಸಂಜೆಯಲ್ಲಿ ಬಂದುಬಿಡುತ್ತದೆ ಎಂದೂ ಹೇಳಿದ.

ಹುಡುಗರು ಗುಂಪುಗುಂಪಾಗಿ ಬಂದರು. ಅಷ್ಟು ಜನ ಕೋಲು ಹಿಡಿದು ಒಟ್ಟಿಗೆ ನಿಂತದ್ದನ್ನು ಫಿಂಟನ್ ಎರಡೆರಡು ಸಲ ಎಣಿಸಿದ.

ಆಟ ಶುರುವಾಯಿತು. ಇಬ್ಬರು ಒಂದೇ ಚೆಂಡಿಗೆ ಬೀಸಿದರು, ಕೋಲಿಗೆ ಕೋಲು ತಾಗಿತು, ಎರಡೂ ಬಾಗಿನಲ್ಲಿ ಲಟಕ್ಕನೆ ಮುರಿದವು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಮತ್ತೊಂದು ಮುರಿದು, ಅದರ ಸಿಬಿರು ಹುಡುಗನೊಬ್ಬನ ಮೊಣಕೈ ಗೀರಿತು.

ಯಾರೂ ಜಗಳ ಮಾಡಲಿಲ್ಲ. ಅವರು ನಕ್ಕರು, ಅದೇ ಹೆಚ್ಚು ನೋಯಿಸಿತು. ಕಾಲಾದರೆ ಇಷ್ಟು ಬೇಗ ಮುರಿಯುವುದಿಲ್ಲ ಎಂದು ತಮಾಷೆ ಮಾಡುತ್ತ, ಮೈದಾನದ ಆಚೆ ತುದಿಯಲ್ಲಿದ್ದ ದೊಡ್ಡ ಚೆಂಡಿನ ಕಡೆ ನಡೆದರು.

ಗುರುಗಳು ತಂಗಿಯ ಊರಿಂದ ಬಂದಾಗ ಫಿಂಟನ್ ಮುರಿದ ತುಂಡುಗಳನ್ನು ಅವರ ಮುಂದೆ ಇಟ್ಟು ತಲೆ ತಗ್ಗಿಸಿ ನಿಂತ. ಬೆಂಚಿನ ಹಲಗೆ ಹೋಯಿತೆಂದು ಬೈಯಲಿ, ಹುಡುಗನ ಕೈ ಗೀರಿತೆಂದು ಬೈಯಲಿ ಎಂದು ಕಾದ.

ಗುರುಗಳು ಒಂದು ತುಂಡು ಎತ್ತಿ ಮುರಿದ ಜಾಗದ ಮೇಲೆ ಬೆರಳಾಡಿಸಿದರು. ಆಮೇಲೆ ಗುದ್ದಲಿ ತರಲು ಹೇಳಿದರು.

ಗುರುಗಳು ಕೋಲು ಕೆತ್ತುವ ಕೊಟ್ಟಿಗೆಯ ಹಿಂದೆ ರೋಗ ತಾಗದ ಒಂದು ಆಶ್ ಮರವಿತ್ತು. ಕಡಲಿನಿಂದ ಬರುವ ಗಾಳಿಯೆಲ್ಲ ಮೊದಲು ಅದಕ್ಕೇ ಬಡಿಯಬೇಕು. ಅದರ ಬುಡ ಬಿಡಿಸು ಎಂದರು. ಫಿಂಟನ್ ಅಗೆದ. ಬೇರಿನ ಹತ್ತಿರ ಬಂದಂತೆ ಗುದ್ದಲಿ ಬಿಟ್ಟು ಕೈಯಿಂದಲೇ ಮಣ್ಣು ಕೆದಕಿದ. ಗುರುಗಳೂ ಪಕ್ಕದಲ್ಲಿ ಮಂಡಿಯೂರಿ ಕೆದಕಿದರು. ಮಧ್ಯಾಹ್ನ ಅದರಲ್ಲೇ ಕಳೆಯಿತು.

ಕೊನೆಗೆ ಕಾಂಡವು ಬೇರಾಗಿ ತಿರುಗುವ ಜಾಗ ಕಂಡಿತು. ಗುರುಗಳು ಶಿಷ್ಯನ ಅಂಗೈಯನ್ನು ಆ ಬಾಗಿನ ಮೇಲೆ ಇರಿಸಿದರು.

"ಇಷ್ಟೆತ್ತರದ ಮರ. ಇಲ್ಲೇ ಯಾಕೆ ಬಾಗಿದೆ?"

ಫಿಂಟನ್ ಬಾಗಿನುದ್ದಕ್ಕೂ ಸವರುತ್ತ ಹೋಗಿ ಅಡಿಯ ಕಲ್ಲನ್ನು ಮುಟ್ಟಿದ.

"ಇಲ್ಲಿ ಅದು ನೆಲ ಹಿಡೀಬೇಕಿತ್ತು, ಗುರುಗಳೇ. ನೆಟ್ಟಗೆ ಇಳಿಯೋಕೆ ಕಲ್ಲು ಬಿಡಲಿಲ್ಲ. ತಿರುಗಿ ತಿರುಗಿ ಹಿಡೀತು. ಭಾರವೆಲ್ಲ ಇಲ್ಲೇ ಬಿದ್ದಿದೆ."

"ನೀನು ಹುಡುಗರಿಗೆ ಏನು ಹೇಳಿ ಕೋಲು ಕೊಟ್ಟೆ?"

"ಸುಲಭ ಅಂದೆ."

ಗುರುಗಳು ಎದ್ದು ನಿಂತು ಸೊಂಟ ಒತ್ತಿಕೊಂಡರು. "ಮಣ್ಣು ಮುಚ್ಚು. ಮರಕ್ಕೆ ಚಳಿಯಾಗುತ್ತೆ."

ಮರುದಿನ ಸಂಜೆ ಫಿಂಟನ್ ಫುಟ್‌ಬಾಲ್ ಆಟಗಾರರು ಬಟ್ಟೆ ಬದಲಿಸುವ ಕೋಣೆಗೆ ಹೋದ. ಒಳಗಿದ್ದವರು ಅವನು ಮತ್ತೆ ಕೋಲು ಹಂಚಲು ಬಂದ ಎಂದು ಛೇಡಿಸಿದರು. ಅವನು ಅದನ್ನೂ ಕೇಳಿಸಿಕೊಂಡ.

"ನಿಮಗೆ ಸುಳ್ಳು ಹೇಳಿದ್ದೆ," ಎಂದ. "ಇದು ಸುಲಭದ ಆಟ ಅಲ್ಲ. ಬೆರಳು ಒಡೆಯುತ್ತೆ. ಆ ಚೆಂಡು ವರ್ಷಗಟ್ಟಲೆ ನಿಮ್ಮ ಮಾತು ಕೇಳೋಲ್ಲ. ಕೊನೆಯ ಭಾನುವಾರ ನಾವು ಸೋಲೋದು ಖಂಡಿತ. ನನಗೆ ಐದು ಜನ ಬೇಕು."

ಕೆಲವರು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು. ಫಿಂಟನ್ ಹೊರಟುಹೋಗಲು ತಿರುಗಿದ.

ಆಗ ಡೆಕ್ಲನ್ ಅಭ್ಯಾಸ ಯಾವ ಹೊತ್ತಿಗೆ ಎಂದು ಕೇಳಿದ.

ನಿಮ್ಮ ಆಟ ಮುಗಿದ ಮೇಲೆ ಬೆಳಕು ಇರುವಷ್ಟು ಹೊತ್ತು ಎಂದ ಫಿಂಟನ್. ಆ ದೇಶದ ಬೇಸಿಗೆಯಲ್ಲಿ ಬೆಳಕು ಬಹಳ ಹೊತ್ತು ಉಳಿಯುತ್ತದೆ.

"ಚಿಕ್ಕವನಿದ್ದಾಗ ನಾನೂ ಲೋರ್ಕನ್ ಗುರುಗಳ ಹತ್ತಿರ ಕಲಿಯೋಕೆ ಹೋಗಿದ್ದೆ," ಎಂದ ಡೆಕ್ಲನ್. "ಚೆಂಡು ಕೋಲಿನ ಮೇಲೆ ನಿಲ್ಲಲೇ ಇಲ್ಲ, ಬಿಟ್ಟುಬಿಟ್ಟೆ. ಮೊನ್ನೆ ನೀನು ಸುಲಭ ಅಂದಾಗ ನನಗೆ ಎಷ್ಟು ಸಿಟ್ಟು ಬಂತು ಗೊತ್ತಾ? ನನ್ನ ಕೈಗೆ ಬಾರದೇ ಹೋದದ್ದು ಸುಲಭದ್ದಾ ಅಂತ."

ಅವನು ಎದ್ದದ್ದು ನೋಡಿ ಇನ್ನೂ ನಾಲ್ವರು ಎದ್ದರು. ಎಲ್ಲರೂ ಏಳಲಿಲ್ಲ. ಹಿಂದೆ ಗುಂಪುಗಟ್ಟಿ ಬಂದವರಲ್ಲಿ ಹೆಚ್ಚಿನವರು ಕೂತೇ ಇದ್ದರು.

ಐವರಿಗೂ ಗುರುಗಳು ಹಳೆಯ ಕೋಲುಗಳನ್ನು ಹುಡುಕಿ, ಬಿರುಕಿಗೆ ತಗಡಿನ ಪಟ್ಟಿ ಬಿಗಿದು ಕೊಟ್ಟರು. ಬೇಸಿಗೆ ಪೂರ್ತಿ ಅವರು ಫುಟ್‌ಬಾಲ್ ಆಡಿ ದಣಿದ ಮೈಯಲ್ಲೇ ಹರ್ಲಿಂಗ್‌ಗೆ ಬಂದರು. ಫಿಂಟನ್ ಈಗ ಫುಟ್‌ಬಾಲನ್ನು ಬೈಯುತ್ತಿರಲಿಲ್ಲ. ಅವರ ಅಭ್ಯಾಸ ಮುಗಿಯುವವರೆಗೆ ಗೋಡೆಯ ಮೇಲೆ ಕೂತು ನೋಡುತ್ತಿದ್ದ, ಹೊಳೆಗೆ ಬಿದ್ದ ಚೆಂಡನ್ನು ತಾನೇ ಎತ್ತಿಕೊಡುತ್ತಿದ್ದ.

ಆ ಭಾನುವಾರ ಹದಿನೈದು ಮಂದಿ ಅಂಗಳಕ್ಕಿಳಿದರು.

ಸೋತರು. ಸಣ್ಣಪುಟ್ಟ ಸೋಲಲ್ಲ, ಹೇಳಿಕೊಳ್ಳಲಾಗದಂಥ ಸೋಲು. ಕೆಳಗಿನ ಊರಿನವರು ಕೋಲು ಕೈಯದೇ ಮುಂದುವರಿಕೆಯೇನೋ ಎಂಬಂತೆ ಆಡಿದರು. ನಮ್ಮ ಕಥೆಯ ಊರಿನ ಐವರು ಚೆಂಡು ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ಆಟ ಕಳೆದರು.

ಆದರೂ ಕೊನೆ ಗಳಿಗೆಯ ಒಂದು ನೋಟವನ್ನು ಹೇಳದೆ ಇರಲಾರೆ. ಡೆಕ್ಲನ್ ಓಡುತ್ತ ಬಂದ. ಚೆಂಡು ಹುಲ್ಲಿನಲ್ಲಿತ್ತು, ಎದುರಾಳಿಗಳಿಬ್ಬರು ಮೈಮೇಲಿದ್ದರು. ಅವನು ಬಗ್ಗಿ ಕೋಲನ್ನು ಚೆಂಡಿನ ಅಡಿಗೆ ತೂರಿಸಿ ಎತ್ತಿದ. ಚೆಂಡು ಎದೆಯ ಮಟ್ಟಕ್ಕೆ ಬಂತು, ಅವನು ಗಾಳಿಯಲ್ಲೇ ಬಾರಿಸಿದ. ಅಷ್ಟು ದೂರದಿಂದ ಅದು ಗೋಲುಕಂಬದ ಅಡ್ಡಪಟ್ಟಿಯ ಮೇಲೆ ಹಾದುಹೋಯಿತು. ಹಾಗೆ ಮೇಲಿಂದ ಹೋದರೆ ಒಂದೇ ಒಂದು ಅಂಕ. ಗೆದ್ದ ಊರಿನ ಜನವೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೆಕ್ಲನ್ ತನ್ನ ಕೋಲನ್ನೇ ಯಾರದೋ ಕೋಲೆಂಬಂತೆ ನೋಡುತ್ತ ನಿಂತಿದ್ದ. ಅವನಂಥವರು ಇರುವ ಊರನ್ನು ಸೋತ ಊರು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಸಮಿತಿಯವರು ಬಂದು ಫಿಂಟನ್ ಕೈ ಕುಲುಕಿದರು. ತಂಡ ಇನ್ನೊಂದು ವರ್ಷ ಇರಲಿ, ಮುಂದಿನ ಬೇಸಿಗೆಗೆ ನೋಡೋಣ ಎಂದರು.

ಫಿಂಟನ್ ಸಂತೋಷದಿಂದ ಹೊಳೆದಂಡೆಗೆ ಓಡಿದ. ಗುರುಗಳ ಪಕ್ಕ ಕೂತ ಸ್ವಲ್ಪ ಹೊತ್ತಿಗೆ ಆ ಸಂತೋಷ ಇಳಿಯಿತು. ಹತ್ತು ಜನರಲ್ಲಿ ಮೂವರಿಗೆ ವಯಸ್ಸಾಯಿತು. ಐವರಲ್ಲಿ ಎಷ್ಟು ಮಂದಿ ಮತ್ತೆ ಬರುವರೋ. ಮರಗಳಿಗೆ ಬೇರೆ ರೋಗ.

"ಹೀಗೆ ಇನ್ನೊಂದು ವರ್ಷ, ಇನ್ನೊಂದು ವರ್ಷ ಅಂತ ಎಷ್ಟು ದಿನ ತಳ್ಳೋದು ಗುರುಗಳೇ? ಇದು ಉಳಿಯುತ್ತಾ?"

ಗುರುಗಳು ಹೊಳೆಯನ್ನು ನೋಡುತ್ತ ಹೇಳಿದರು: "ಈ ಆಟ ಮುಂದಿನ ಬೇಸಿಗೆ ನೋಡೋಲ್ಲ ಅಂತ ನನ್ನ ಗುರುಗಳಿಗೆ ಅವರ ಗುರುಗಳು ಹೇಳಿದ್ದರಂತೆ. ನಾಳೆ ಸಂಜೆ ಬೇಗ ಬಾ."